ಸ್ಟಿಕ್ಕರ್ ಮೇಲಿನ ವಿಳಾಸ

ಕಳೆದ ಶನಿವಾರ ಇಡೀ ದಿನ ಒಂದೇ ಡಾಕ್ಯುಮೆಂಟ್ ಮುಂದೆ ಕೂತಿದ್ದೆ. ನಮ್ಮ ಟೀಮಿನಲ್ಲಿ ವೆಬ್‌ಸೈಟ್ ಕಟ್ಟುವವರು ಪಾಲಿಸಬೇಕಾದ ನಿಯಮಗಳು ಅದರಲ್ಲಿವೆ: ವಿಳಾಸ ಹೇಗಿರಬೇಕು, ಸರ್ವರ್ ಏನು ಉತ್ತರ ಕೊಡಬೇಕು, ಇಂಥವು. ಆರು ವರ್ಷದ ಹಿಂದೆ ನಾನೇ ಶುರು ಮಾಡಿದ್ದು. ಆಮೇಲೆ ಬಂದವರೆಲ್ಲ ಒಂದೊಂದು ಪ್ಯಾರಾ ಸೇರಿಸುತ್ತಾ ಹೋಗಿ 23 ಪುಟ ಆಗಿತ್ತು. ಯಾರೂ ಓದುತ್ತಿರಲಿಲ್ಲ.

ಇದನ್ನು ತಿದ್ದಲೇಬೇಕು ಅನ್ನಿಸಿದ್ದು ಒಂದು ಫೋಟೋ ನೋಡಿ. ಪಂಪ್‌ಸೆಟ್ ಕಂಪನಿಯೊಂದಕ್ಕೆ ನಾವು ಸೈಟ್ ಮಾಡಿಕೊಟ್ಟಿದ್ದೆವು. ಅವರ ಸ್ಟಾರ್ಟರ್ ಡಬ್ಬಿ ಮೇಲೆ ಕ್ಯೂಆರ್ ಸ್ಟಿಕ್ಕರ್ ಇರುತ್ತೆ, ಸ್ಕ್ಯಾನ್ ಮಾಡಿದರೆ ಕೈಪಿಡಿ ತೆರೆಯಬೇಕು. ಕಳೆದ ವರ್ಷ ಸೈಟನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸಿದಾಗ ಹಳೇ ವಿಳಾಸದ ಕೊನೆಯಲ್ಲಿದ್ದ ‘ಡಾಟ್ ಪಿಎಚ್‌ಪಿ’ ಹೋಯಿತು, ನಡುವೆ ಇದ್ದ ಇಸವಿಯ ಫೋಲ್ಡರೂ ಹೋಯಿತು, ಹಳೆಯದರಿಂದ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ (301 ಅನ್ನುವುದು ಸರ್ವರ್ ಕೊಡುವ ಉತ್ತರದ ಸಂಖ್ಯೆ) ಮಾತ್ರ ನಾವು ಯಾರೂ ಹಾಕಲಿಲ್ಲ. ಒಬ್ಬ ರೈತರು ವಾಟ್ಸಾಪಿನಲ್ಲಿ ಸ್ಟಿಕ್ಕರಿನ ಫೋಟೋ ಕಳಿಸಿದ್ದರು. ಒಂದು ಮೂಲೆ ಎದ್ದಿತ್ತು, ಮೇಲೆ ಗ್ರೀಸ್ ಮೆತ್ತಿದ ಹೆಬ್ಬೆರಳಿನ ಗುರುತು. ಕೆಳಗೆ ಎರಡೇ ಪದ: ‘ಏನೂ ಬರ್ತಿಲ್ಲ’. ಸರ್ವರನ್ನು ನಾವು ಎಷ್ಟು ಸಲ ಬೇಕಾದರೂ ಬದಲಿಸಬಹುದು. ತೋಟದ ಶೆಡ್ಡಿನಲ್ಲಿರುವ ಸ್ಟಿಕ್ಕರನ್ನು ಯಾರು ಬದಲಿಸುತ್ತಾರೆ?

ನಮ್ಮ ಡಾಕ್ಯುಮೆಂಟಿನಲ್ಲಿ ಇದಕ್ಕೂ ಒಂದು ಸಾಲು ಇತ್ತು. ‘ವಿಳಾಸ ಬದಲಿಸದಿದ್ದರೆ ಒಳ್ಳೆಯದು.’ ಅಷ್ಟೇ.

ಪಕ್ಕದಲ್ಲಿದ್ದ ಹುಡುಗ ಕೆಲಸಕ್ಕೆ ಸೇರಿ ಐದು ತಿಂಗಳು. ಅವನು ಕೇಳಿದ, ‘ಮೇಡಂ, ಒಳ್ಳೆಯದು ಅಂದ್ರೆ ಮಾಡ್ಲೇಬೇಕಾ, ಇಲ್ಲ ಟೈಮ್ ಇದ್ರೆ ಮಾಡೋದಾ?’ ಎಷ್ಟು ಸರಿಯಾದ ಪ್ರಶ್ನೆ ಅಲ್ವಾ. ಇಂಟರ್‌ನೆಟ್ಟಿನ ನಿಯಮ ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಎಂಬ ದಾಖಲೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ‘ಮಸ್ಟ್’ ಅಂದರೆ ವಿನಾಯಿತಿ ಇಲ್ಲ. ‘ಶುಡ್’ ಅಂದರೆ ಬಿಡಬಹುದು, ಆದರೆ ಅದಕ್ಕೆ ಗಟ್ಟಿ ಕಾರಣ ಇರಬೇಕು, ಬಿಟ್ಟರೆ ಏನಾಗುತ್ತೆ ಅಂತ ತೂಗಿ ನೋಡಿರಬೇಕು. ‘ಮೇ’ ಅಂದರೆ ನಿಮ್ಮಿಷ್ಟ. ನಾನು ಅವನಿಗೆ ಕನ್ನಡದಲ್ಲಿ ಹೇಳಿದೆ: ಲೇಬೇಕು, ಬೇಕು, ಬಹುದು. ತಕ್ಷಣ ತಲೆಗೆ ಹೋಯಿತು. ಆಮೇಲೆ ಇಬ್ಬರೂ ಒಂದೊಂದೇ ಸಾಲು ಓದಿ ಈ ಮೂರರಲ್ಲಿ ಯಾವುದು ಅಂತ ಗುರುತು ಹಾಕುತ್ತಾ ಹೋದೆವು.

ಮಾದರಿಗೆ, ವೆಬ್ಬಿನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2004ರ ಡಿಸೆಂಬರಿನಲ್ಲಿ ಹೊರತಂದ ವೆಬ್ ಆರ್ಕಿಟೆಕ್ಚರ್ ದಾಖಲೆ ತೆರೆದಿಟ್ಟುಕೊಂಡಿದ್ದೆ. ಎಕ್ಸ್‌ಎಂಎಲ್ ಎಂಬ ಡೇಟಾ ಬರೆಯುವ ವಿಧಾನದ ಬಗ್ಗೆ ಬರೆದ ಭಾಗ ಈಗ ಹಳೆಯದು ಅನ್ನಿಸುತ್ತೆ, ಆದರೆ ವಿಳಾಸದ ಬಗ್ಗೆ ಹೇಳಿದ್ದು ಇವತ್ತಿಗೂ ಹಾಗೇ ನಿಲ್ಲುತ್ತದೆ. ಅದು ಶುರುವಾಗುವುದೇ ನಾಡಿಯಾ ಎಂಬ ಕಲ್ಪಿತ ಹೆಂಗಸಿನಿಂದ. ಮೆಕ್ಸಿಕೋಗೆ ಹೊರಟವಳು ಒಂದು ಪ್ರವಾಸ ಪತ್ರಿಕೆಯಲ್ಲಿ ಹವಾಮಾನದ ವಿಳಾಸ ನೋಡುತ್ತಾಳೆ. ಅದೂ ಕಾಗದದ ಮೇಲೆ ಅಚ್ಚಾದ ವಿಳಾಸ! ಎಷ್ಟೋ ಸಲ ಓದಿದ್ದೆ, ಈ ಸಲ ಮಾತ್ರ ಆ ಸ್ಟಿಕ್ಕರ್ ಕಣ್ಣ ಮುಂದೆ ಬಂತು.

ಈಗ ಯಾರೂ ಬಳಸದ ಫ್ರೇಮ್‌ವರ್ಕ್ ಒಂದರ ಬಗ್ಗೆ ಇದ್ದ ಒಂಬತ್ತು ಪುಟ ಕಿತ್ತು ಹಾಕಿದೆವು. ನೋಡುವುದಕ್ಕಷ್ಟೇ ಇರುವ ಲಿಂಕ್ ಏನನ್ನೂ ಅಳಿಸಕೂಡದು ಅನ್ನುವುದಕ್ಕೆ ‘ಲೇಬೇಕು’ ಹಾಕಿದೆವು. ಸರ್ಚ್ ಬಾಟ್‌ಗಳು, ಅಂದರೆ ಗೂಗಲ್‌ನಂಥವು ಪುಟ ಹುಡುಕಲು ಬಿಡುವ ಪ್ರೋಗ್ರಾಂಗಳು, ಸಿಕ್ಕ ಲಿಂಕನ್ನೆಲ್ಲ ತೆರೆಯುತ್ತವೆ, ತೆರೆದ ಕೂಡಲೇ ಅಳಿಸುವ ಲಿಂಕಿದ್ದರೆ ಅವೇ ಅಳಿಸಿಬಿಡುತ್ತವೆ, ಇಲ್ಲಿ ಚರ್ಚೆಯೇ ಬೇಡ.

ಜಾಸ್ತಿ ಹೊತ್ತು ಹಿಡಿದಿದ್ದು ಕನ್ನಡದ ವಿಳಾಸ. ‘ಕನ್ನಡ’ ನೋಡೋಕೆ ಮೂರಕ್ಷರ. ಯುನಿಕೋಡಿನಲ್ಲಿ ಒತ್ತಕ್ಷರ ಬಿಡಿಸಿದರೆ ಐದು ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ ಮೂರು ಬೈಟ್, ವಿಳಾಸದಲ್ಲಿ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಒಟ್ಟು 45! ಅಷ್ಟು ಉದ್ದದ ವಿಳಾಸ ತುಂಬಿದರೆ ಕ್ಯೂಆರಿನ ಚೌಕಗಳು ಸಣ್ಣದಾಗುತ್ತವೆ, ಮಾಸಿದ ಸ್ಟಿಕ್ಕರಿನಲ್ಲಿ ಓದುವುದು ಕಷ್ಟ. ಹುಡುಗ ಕನ್ನಡ ವಿಳಾಸವೇ ಬೇಡ ಅಂದ. ನಾನು ಒಪ್ಪಲಿಲ್ಲ. ಪುಟ ಕನ್ನಡದಲ್ಲಿದ್ದರೆ ವಿಳಾಸವೂ ಕನ್ನಡದಲ್ಲಿ ಇರಬಹುದು, ಸ್ಟಿಕ್ಕರಿಗೆ ಮಾತ್ರ ಬೇರೆ ಚಿಕ್ಕ ವಿಳಾಸ ಕೊಡಬೇಕು ಅಂತ ಬರೆದೆವು.

ಸಂಜೆ ಏಳಕ್ಕೆ 11 ಪುಟಕ್ಕೆ ಇಳಿದಿತ್ತು. ಮೊದಲ ನಿಯಮ ಈಗ ಹೀಗಿದೆ: ‘ಒಮ್ಮೆ ಹೊರಗೆ ಕೊಟ್ಟ ವಿಳಾಸ ಉತ್ತರ ಕೊಡಲೇಬೇಕು. ಪುಟ ಜಾಗ ಬದಲಿಸಿದ್ದರೆ 301, ಪೂರ್ತಿ ತೆಗೆದಿದ್ದರೆ 410 ಮತ್ತು ಯಾಕೆ ಅಂತ ತಿಳಿಸುವ ಎರಡು ಸಾಲು.’ ಪ್ರತಿ ನಿಯಮದ ಕೆಳಗೂ ಕಾರಣ ಬರೆಯಲು ಜಾಗ ಬಿಟ್ಟಿದ್ದೆವು. ಇದರ ಕೆಳಗೆ ಏನೂ ಬರೆಯಲಿಲ್ಲ. ಆ ರೈತರಿಗೆ ಫೋನ್ ಮಾಡಿ ಕೇಳಿಕೊಂಡು, ಹೆಬ್ಬೆರಳಿನ ಗುರುತಿರುವ ಫೋಟೋವನ್ನೇ ಹಾಕಿದೆ.