ಹೊರೆ ಇಳಿಸಲು ಒಂದು ಕೈ

ತಲೆಹೊರೆ ಹೊತ್ತವರಿಗೆ ಇದು ಗೊತ್ತು. ಸೌದೆ ಹೊರೆಯನ್ನು ಒಬ್ಬರೇ ಹೇಗೋ ತಲೆಗೆ ಏರಿಸಿಕೊಳ್ಳಬಹುದು. ದಿಣ್ಣೆಗೆ ಒರಗಿಸಿ, ಬಗ್ಗಿ, ಮೊಣಕಾಲೂರಿ ಎದ್ದರೆ ಆಯಿತು. ಇಳಿಸುವುದೇ ಕಷ್ಟ. ಕತ್ತು ವಾಲಿಸಿ ಬೀಳಿಸಲು ಹೋದರೆ ನರ ಉಳುಕುತ್ತದೆ. ಅದಕ್ಕೇ ಅಮ್ಮ ಅಂಗಳದಲ್ಲಿ ನಿಂತು ಕೂಗುತ್ತಿದ್ದರು: "ಒಂದ್ ಕೈ ಕೊಡೋ ಮಗಾ."

ಒಂದು ಸಂಜೆ ನಾನು ಕೈ ಕೊಡಲಿಲ್ಲ. ಮನೆ ಹಿಂದೆ ಗೋಲಿ ಆಡುತ್ತಿದ್ದೆ. ಕೂಗು ಕೇಳಿಸಿತು. ಎರಡನೇ ಸಲವೂ ಕೇಳಿಸಿತು. ಸುಮ್ನೆ ಕೂತಿದ್ದೆ. ಆಮೇಲೆ ದೊಪ್ಪನೆ ಸದ್ದಾಯಿತು. ಅಮ್ಮ ಬೈಯಲಿಲ್ಲ. ಹರಳೆಣ್ಣೆ ಬಿಸಿ ಮಾಡಿ ಕತ್ತಿಗೆ ಹಚ್ಚಿಕೊಂಡರು. ಎಷ್ಟೋ ದಿನ ತಲೆ ಒಂದು ಕಡೆ ವಾಲಿಸಿಕೊಂಡೇ ಮುದ್ದೆ ತಿರುವಿದರು. "ನಿಂಗೆ ಕೇಳಿಸ್ಲಿಲ್ವೇನೋ" ಅಂದಾಗ ಇಲ್ಲ ಅಂದುಬಿಟ್ಟೆ. ಅವರು ತೀರಿಕೊಳ್ಳುವವರೆಗೂ ನಿಜ ಹೇಳಲಿಲ್ಲ.

ಇಷ್ಟಕ್ಕೆಲ್ಲಾ ಪಾಪ ಅನ್ನಬೇಕಾ ಅಂತ ನಿಮಗೆ ಅನಿಸಬಹುದು. ಆದರೆ ಆಮೇಲೆ ಎಷ್ಟು ಜನ ಕೂಗಿದಾಗ ಹಾಗೇ ಕೂತಿದ್ದೇನೆ ಅನ್ನುವುದು ನನಗೆ ಗೊತ್ತು. ಅಭ್ಯಾಸ ಆಗಿಹೋಯಿತು. ಪ್ರತಿ ಸಲವೂ ಹೊರೆಗೆ ಇನ್ನೊಂದು ಕಟ್ಟಿಗೆ ಸೇರುತ್ತಾ ಹೋಯಿತು.

ಒಂದು ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಚರ್ಚಿನಲ್ಲಿ ಪಾಪನಿವೇದನೆಗೆ ಮಂಡಿಯೂರಿದಾಗ ಇದು ತಾನಾಗಿ ಬಾಯಿಗೆ ಬಂತು. ಜಾಲರಿಯ ಆಚೆ ಗುರುಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಈ ಸಲ ಶಿಲುಬೆ ಹಾದಿಯಲ್ಲಿ ಐದನೆಯ ಸ್ಥಳದ ಹತ್ತಿರ ಬಂದಾಗ ಚೆನ್ನಾಗಿ ನೋಡಪ್ಪ."

ಶಿಲುಬೆ ಹಾದಿ ಅಂದರೆ ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುತ್ತಾ, ಅಲ್ಲಲ್ಲಿ ನಿಂತು ಮಾಡುವ ಪ್ರಾರ್ಥನೆ. ಅದರ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದು ಸಿರೇನ್ ಊರಿನ ಸಿಮೋನನದು. ಸಿರೇನ್ ಇರುವುದು ಇವತ್ತಿನ ಲಿಬಿಯಾದಲ್ಲಿ. ಅವನು ಹಳ್ಳಿ ಕಡೆಯಿಂದ ಜೆರುಸಲೇಮಿಗೆ ಬರುತ್ತಿದ್ದ. ಸೈನಿಕರು ಹಿಡಿದು ಯೇಸುಸ್ವಾಮಿಯ ಶಿಲುಬೆಯನ್ನು ಅವನ ಮೇಲೆ ಹೊರಿಸಿದರು. ಯೇಸುವಿನ ಕಥೆ ಹೇಳುವ ಶುಭಸಂದೇಶ ಬರೆದವರಲ್ಲಿ ಒಬ್ಬನಾದ ಮಾರ್ಕ ಅವನ ಮಕ್ಕಳಾದ ಅಲೆಕ್ಸಾಂಡರ್, ರೂಫರ ಹೆಸರನ್ನೂ ಬರೆದಿದ್ದಾನೆ. ಓದುವವರಿಗೆ ಆ ಮಕ್ಕಳ ಪರಿಚಯ ಇತ್ತೇನೋ. ದಾರಿಯಲ್ಲಿ ಹೋಗುವವನು ಒಂದಿಷ್ಟು ದೂರ ಮರ ಹೊತ್ತ. ಅಷ್ಟಕ್ಕೇ ಅವನ ಮನೆಯವರ ಹೆಸರೂ ಶುಭಸಂದೇಶದಲ್ಲಿ ಉಳಿಯಿತು.

ಬೈಬಲಿನ ಹಳೆ ಒಡಂಬಡಿಕೆಯ ಯಾಜಕಕಾಂಡದಲ್ಲಿ, 16ನೇ ಅಧ್ಯಾಯದಲ್ಲಿ, ಒಂದು ಹೋತ ಬರುತ್ತದೆ. ಯಾಜಕ ಅದರ ತಲೆ ಮೇಲೆ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲಾ ಹೇಳುತ್ತಾನೆ. ಆಮೇಲೆ ಅದನ್ನು ಕಾಡಿಗೆ ಅಟ್ಟುತ್ತಾರೆ. ಊರಿನ ಪಾಪವನ್ನೆಲ್ಲಾ ಹೊತ್ತು ಅದು ಹೋಗಬೇಕು. ಆ ಹೋತವನ್ನು ಯಾರೂ ಕೇಳಲಿಲ್ಲ. ಸಿಮೋನನನ್ನೂ ಯಾರೂ ಕೇಳಲಿಲ್ಲ. ಸ್ವಾಮಿಯೊಬ್ಬರೇ ಒಪ್ಪಿ ಹೊತ್ತವರು. ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಅವರಿಗೂ ಬೇಡ ಅನಿಸಿತ್ತು. ಯಾತನೆಯ ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಅಪ್ಪನನ್ನು ಬೇಡಿಕೊಂಡರು. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬಿತ್ತು ಅನ್ನುತ್ತಾನೆ ಲೂಕ. ಆದರೂ ಎದ್ದರು, ಹಿಡಿಯಲು ಬಂದವರ ಎದುರಿಗೇ ನಡೆದು ಹೋದರು. ನಾನು ಕೂಗಿಗೆ ಏಳದವನು. ಆ ಎದ್ದ ಗಳಿಗೆಯನ್ನು ನೆನೆದಾಗಲೆಲ್ಲಾ ನನ್ನ ಗಂಟಲು ಕಟ್ಟುತ್ತದೆ.

ಲೋಕದ ಪಾಪವನ್ನೇ ಹೊರಲು ಬಂದವರಿಗೆ ಮರ ಹೊರಲು ಇನ್ನೊಬ್ಬನ ಹೆಗಲು ಬೇಕಾಯಿತು. ಚಾವಟಿ ಏಟು ತಿಂದ ಬೆನ್ನು ಅದು. ದೇವರಾಗಿ ಬಂದವರು ನಮ್ಮಮ್ಮನ ಹಾಗೆ ಬೀದಿಯಲ್ಲಿ ಹೊರೆ ಹೊತ್ತು ನಿಂತರು, ಒಂದು ಕೈ ಬೇಕಾದ ಸ್ಥಿತಿಗೆ ಇಳಿದರು. ಇಂಥ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಶುಭ ಶುಕ್ರವಾರಕ್ಕೆ, ಅಂದರೆ ಗುಡ್ ಫ್ರೈಡೆಗೆ, ಕನಕಪುರ ತಾಲ್ಲೂಕಿನ ಹಾರೋಬೆಲೆ ಕಡೆಗೆ ಹೋದೆ. ಅಲ್ಲಿ ಶಿಲುಬೆ ಹಾದಿ ಮಾಡುತ್ತಾ ಹತ್ತುವ ಬೆಟ್ಟಕ್ಕೆ ಕಪಾಲ ಬೆಟ್ಟ ಅನ್ನುತ್ತಾರೆ. ಸ್ವಾಮಿಯನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಅಂದರೂ ಕಪಾಲ ಅಂತಲೇ ಅರ್ಥ. ಶುಭ ಶುಕ್ರವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಇಲ್ಲ, ಗಂಟೆ ಬಾರಿಸುವುದಿಲ್ಲ. ಬಿಸಿಲು, ಪ್ರಾರ್ಥನೆ, ಉಪವಾಸದ ಒಣ ಬಾಯಿ, ಬಂಡೆ ಮೇಲೆ ಚಪ್ಪಲಿ ಇಲ್ಲದ ಕಾಲುಗಳು. ಶಿಲುಬೆಯನ್ನು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತಾ ಹತ್ತಿದೆವು.

ಐದನೆಯ ಸ್ಥಳದಲ್ಲಿ ನಿಂತೆ. ಮುಂದೆ ಹೊತ್ತಿದ್ದವರು ಅರವತ್ತು ದಾಟಿದ ಹಿರಿಯರು. ಅವರು ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಟವೆಲನ್ನು ಸಿಂಬೆಯ ಹಾಗೆ ಸುತ್ತಿ ಹೆಗಲ ಮೇಲಿಟ್ಟುಕೊಂಡು ಹತ್ತಿರ ಹೋದೆ. ಇಬ್ಬರೂ ಸೇರಿ ಶಿಲುಬೆಯನ್ನು ನಿಧಾನಕ್ಕೆ ಜರುಗಿಸಿದೆವು. ಮರ ಬಿಸಿಲಿಗೆ ಕಾದಿತ್ತು. ಅವರ ಹೆಗಲಿದ್ದ ಜಾಗ ಮಾತ್ರ ಇನ್ನೂ ಒದ್ದೆಯಾಗಿತ್ತು.