ಅರ್ಧ ಕತ್ತರಿಸಿದರೆ ಅರ್ಧ ಆಗಲ್ಲ

9 ನವೆಂಬರ್ 2025, ಭಾನುವಾರ

ತುಟಿ ಒಣಗಿದೆ. ತಲೆ ಇನ್ನೂ ಸಣ್ಣಗೆ ತಿರುಗುತ್ತಿದೆ. ಬೆಳಿಗ್ಗೆಯಿಂದ ಮಗಳೂ ನಾನೂ ಪೈಪು ಊದಿದ್ದೇ ಊದಿದ್ದು.

ನಲ್ಲಿ ರಿಪೇರಿ ಮುಗಿದ ಮೇಲೆ ಅರ್ಧ ಇಂಚಿನ ಪಿವಿಸಿ ಪೈಪು ಒಂದಿಷ್ಟು ಉಳಿದಿತ್ತು. ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ, ತಳಕ್ಕೆ ಆಟದ ಕ್ಲೇ ತುಂಬಿ, ಸಾಲಾಗಿ ಕಟ್ಟಿದರೆ ಪ್ಯಾನ್ ಪೈಪ್ ಆಗುತ್ತೆ. ಶಬ್ದದ ಪಾಠ ಓದಿ ಬೇಜಾರಾಗಿದ್ದವಳಿಗೆ ಇದು ಸಿಕ್ಕಿದ್ದೇ ಸಾಕಾಯಿತು.

ಮೊದಲ ತುಂಡು 18 ಸೆಂಟಿಮೀಟರ್. ಹ್ಯಾಕ್ಸಾ ಬ್ಲೇಡು ಓರೆಯಾಗಿ ಹೋಗಿ ಅಂಚು ಹಲ್ಲು ಹಲ್ಲಾಯಿತು. ಸ್ಯಾಂಡ್ ಪೇಪರ್ ಮೇಲೆ ಉಜ್ಜಿ ನುಣುಪು ಮಾಡಿದೆವು. ಆದರೂ ಅರ್ಧ ಗಂಟೆ ಬರೀ 'ಫುಸ್'. ತಪ್ಪು ನಮ್ಮದೇ, ಒಳಕ್ಕೆ ಊದುತ್ತಿದ್ದೆವು. ಕೆಳತುಟಿಯನ್ನು ಅಂಚಿಗೆ ಒತ್ತಿ, ಎದುರಿನ ಅಂಚಿಗೆ ಗಾಳಿ ತಾಗಿ ಸೀಳುವ ಹಾಗೆ ಊದಬೇಕು. ಒಂದು ಸಲ ಸಿಕ್ಕಿದ ಮೇಲೆ ಮಗಳು ಬಿಡಲೇ ಇಲ್ಲ.

"ಅಪ್ಪಾ, ಉದ್ದ ಗೊತ್ತಿದ್ದರೆ ಸ್ವರ ಮೊದಲೇ ಹೇಳಬಹುದಾ?"

ಹೇಳಬಹುದು ಅಂದೆ, ಜಂಬದಿಂದ. ಒತ್ತಿದ ಗಾಳಿ ತಳಕ್ಕೆ ಬಡಿದು ವಾಪಸ್ ಬರುತ್ತೆ. ಒಂದು ಕಡೆ ಮುಚ್ಚಿದ ಕೊಳವೆಯಲ್ಲಿ ಹಾಗೆ ಎರಡು ಸಲ ಹೋಗಿ ಬಂದರೆ ಒಂದು ಕಂಪನ. ಅಂದರೆ ಪೈಪಿನ ನಾಲ್ಕರಷ್ಟು, 72 ಸೆಂಟಿಮೀಟರ್ ದಾರಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತೆ. ಭಾಗಿಸಿದರೆ 480 ಹರ್ಟ್ಸ್, ಅಂದರೆ ಸೆಕೆಂಡಿಗೆ 480 ಕಂಪನ.

ಫೋನಿನ ಟ್ಯೂನರ್ ತೋರಿಸಿದ್ದು 460.

ಬ್ಲೇಡಿನ ತಪ್ಪಿರಬೇಕು ಅಂತ ಸುಮ್ನೆ ತಳ್ಳಿಹಾಕಿದೆ. ಇದನ್ನೇ 'ಸ' ಅಂದುಕೊಂಡು, ಮೇಲಿನ 'ಸ'ಗೆ ಸರಿಯಾಗಿ 9 ಸೆಂಟಿಮೀಟರ್ ಕತ್ತರಿಸಿದೆವು. ಉದ್ದ ಅರ್ಧವಾದರೆ ಕಂಪನ ಎರಡರಷ್ಟು, 920 ಬರಬೇಕು. ಬಂದಿದ್ದು 882. ಎರಡನ್ನೂ ಒಂದರ ಹಿಂದೆ ಒಂದು ಊದಿದರೆ ಫೋನೇ ಬೇಡ, ಕಿವಿಗೇ ಕಸಿವಿಸಿ. ಅರ್ಧ ಸ್ವರಸ್ಥಾನಕ್ಕಿಂತ ಜಾಸ್ತಿ ಇಳಿದಿತ್ತು.

ಆಗ ಅವಳು ಪೆನ್ಸಿಲ್ಲಿನ ಹಿಂಬದಿಯಿಂದ ಕ್ಲೇಯನ್ನು ಸ್ವಲ್ಪ ಒಳಕ್ಕೆ ನೂಕಿದಳು. ಊದಿದಳು. ಮತ್ತೆ ನೂಕಿದಳು. ಲೆಕ್ಕದ ಹಂಗೇ ಇಲ್ಲ, ಬರೀ ಕಿವಿ. ಎರಡು ಸ್ವರ ಒಂದಕ್ಕೊಂದು ಅಂಟಿಕೊಂಡಾಗ ನಿಲ್ಲಿಸಿ ಅಳೆದಳು. ಪೈಪಿನೊಳಗೆ ಉಳಿದಿದ್ದು 8.6 ಸೆಂಟಿಮೀಟರ್. 4 ಮಿಲಿಮೀಟರ್ ಹೋಗಿತ್ತು.

ಈ 4 ಮಿಲಿಮೀಟರ್ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕೂತೆ. ಪೈಪು ಮುಗಿದ ಜಾಗದಲ್ಲೇ ಅದರೊಳಗಿನ ಗಾಳಿಯ ಅಲುಗಾಟ ಮುಗಿಯೋದಿಲ್ಲ, ಅಲ್ವಾ? ಬಾಯಿಂದ ಆಚೆಗೂ ಚೂರು ಗಾಳಿ ಜೊತೆಗೇ ತೂಗುತ್ತೆ. ಬರೀ ತೆರೆದ ತುದಿಗೆ ಪೈಪಿನ ತ್ರಿಜ್ಯದ ಸುಮಾರು 0.6ರಷ್ಟು ಉದ್ದ ಸೇರಿಸಿಕೊಳ್ಳಬೇಕು. ನಮ್ಮ ಪೈಪಿನ ತ್ರಿಜ್ಯ 8 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ 5. ಊದುವಾಗ ತುಟಿ ಪೈಪಿನ ಬಾಯಿಯನ್ನು ಅರೆಬರೆ ಮುಚ್ಚುತ್ತೆ, ಅದರಿಂದ ಇನ್ನೂ ಒಂದಿಷ್ಟು. ಒಟ್ಟು 8 ಅಂತ ಇಟ್ಟುಕೊಂಡೆ. ಗಾಳಿಯ ಪಾಲಿಗೆ ದೊಡ್ಡ ಪೈಪು 18.8, ಚಿಕ್ಕದು ಕ್ಲೇ ನೂಕಿದ ಮೇಲೆ 9.4. ಸರಿಯಾಗಿ ಅರ್ಧ! ಆ 460 ಕೂಡ ಹೀಗೇ ಲೆಕ್ಕಕ್ಕೆ ಕೂತಿತು. ಪಾಪ, ಬ್ಲೇಡಿನದು ಏನೂ ತಪ್ಪಿರಲಿಲ್ಲ. ಪೈಪು ಎಷ್ಟೇ ಉದ್ದವಿದ್ದರೂ ಈ ಆಚೆಗಿನ ಚೂರು ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಉಳಿದದ್ದನ್ನು ಅರ್ಧ ಮಾಡಬಹುದು, ಅದನ್ನು ಮಾಡೋಕಾಗಲ್ಲ.

ಇನ್ನೊಂದು ಕಿರಿಕಿರಿಯೂ ಇದೆ. ಊದುತ್ತಾ ಊದುತ್ತಾ ಒಳಗಿನ ಗಾಳಿ ಬೆಚ್ಚಗಾಗಿ ಶ್ರುತಿ ನಿಧಾನವಾಗಿ ಏರುತ್ತೆ. ಅದನ್ನು ಇವತ್ತು ಕೆದಕಲಿಲ್ಲ.

ಸಂಜೆ 'ಪ' ಬೇಕಾಯಿತು. ಈ ಸಲ ಕತ್ತರಿಸೋಕೆ ಮುಂಚೆ ಲೆಕ್ಕ. 'ಪ'ದ ಕಂಪನ 'ಸ'ದ ಒಂದೂವರೆಯಷ್ಟು, ಹಾಗಾಗಿ ಉದ್ದ ಮೂರನೇ ಎರಡು ಪಾಲು. 18.8ರ ಮೂರನೇ ಎರಡು ಪಾಲು 12.5, ಅದರಲ್ಲಿ 0.8 ಕಳೆದರೆ 11.7. ಬರಬೇಕಾದ್ದು 690 ಹರ್ಟ್ಸ್. ಕ್ಲೇ ತುಂಬಿ ಊದಿದೆ. 688.

ಮಗಳು ಫೋನು ನೋಡಲೇ ಇಲ್ಲ. 'ಸ' ಊದಿದಳು, 'ಪ' ಊದಿದಳು, ಮೇಲಿನ 'ಸ' ಊದಿದಳು. ಆಮೇಲೆ ಬ್ಲೇಡು ನನ್ನ ಕೈಗಿಟ್ಟು, "ಇನ್ನೂ ಐದು ಬಾಕಿ ಇದೆ" ಅಂದಳು.