ನಮ್ಮ ಮನೆಯ ಜೋಡಿ ಗೆರೆ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೊದಲ ವರ್ಷ ಒಂದು ಕಾರ್ಯಾಗಾರ ಇತ್ತು. ಎಲ್ಲರ ಕೈಗೂ ಒಂದೊಂದು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು, "ನಿಮ್ಮ ನಿಮ್ಮ ವಂಶವೃಕ್ಷ ಬರೆಯಿರಿ" ಅಂದರು. ಜೆನೆಟಿಕ್ಸ್ ಕ್ಲಿನಿಕ್‌ನಲ್ಲಿ ಬರೆಯುತ್ತಾರಲ್ಲ, ಆ ಥರದ್ದು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಗಂಡಹೆಂಡತಿ ನಡುವೆ ಒಂದು ಅಡ್ಡಗೆರೆ. ರಕ್ತಸಂಬಂಧದಲ್ಲೇ ಮದುವೆ ಆಗಿದ್ದರೆ ಗೆರೆ ಎರಡು.

ಪಕ್ಕದಲ್ಲಿದ್ದ ಐರಿಷ್ ಹುಡುಗ ಐದು ನಿಮಿಷದಲ್ಲಿ ಮುಗಿಸಿ ಟೀ ತರಲು ಎದ್ದುಹೋದ. ನನ್ನ ಹಾಳೆ ಅಳಿಸಿ ಅಳಿಸಿ ತೂತು ಬೀಳುವ ಹಾಗಾಯಿತು. ನಮ್ಮಪ್ಪ ನಮ್ಮಮ್ಮನಿಗೆ ಸೋದರಮಾವ. ಅಮ್ಮನನ್ನು ಹೆತ್ತ ಅಜ್ಜಿ ಅಪ್ಪನ ಸ್ವಂತ ಅಕ್ಕ. ಅಂದರೆ ಅವಳು ನನಗೆ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ಅಪ್ಪನನ್ನು ಅಜ್ಜಿಯ ಪಕ್ಕ ಕೂರಿಸಿದರೆ ಅಮ್ಮ ಕೆಳಗಿನ ಸಾಲಿಗೆ ಇಳಿಯುತ್ತಾಳೆ. ಇಬ್ಬರನ್ನೂ ಒಂದೇ ಸಾಲಿಗೆ ತಂದರೆ ಅಪ್ಪ ತನ್ನ ಅಕ್ಕನಿಗೇ ಮಗನಾಗಿಬಿಡುತ್ತಾನೆ! ಕೊನೆಗೆ ಜೋಡಿ ಗೆರೆಯನ್ನು ಓರೆಯಾಗಿ ಎಳೆದೆ. ಅದರ ಕೆಳಗೆ ಅಕ್ಕ, ನಾನು, ತಮ್ಮ. ಅಕ್ಕನ ಸೊನ್ನೆಗೆ ಒಳಗೆಲ್ಲ ಕಪ್ಪು ತುಂಬಬೇಕು. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ.

ಮೇಷ್ಟರು ನನ್ನ ಮೇಜಿನ ಹತ್ತಿರ ಬಂದಾಗ ಹಾಳೆಯನ್ನು ಮಗುಚಿ ಹಾಕಿದೆ. ತಲೆನೋವು ಅಂದೆ.

ನಮ್ಮೂರು ಚನ್ನರಾಯಪಟ್ಟಣದ ಕಡೆ. ಮೈಸೂರಿನಲ್ಲಿ ಜೆನೆಟಿಕ್ಸ್ ಎಂಎಸ್ಸಿ ಮಾಡಿ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ದುಡಿದು, ಆಮೇಲೆ ಇಲ್ಲಿಗೆ ಬಂದು ಬಯೋಎಥಿಕ್ಸ್ ಓದಿದೆ. ಪಿಎಚ್‌ಡಿ ಆಯಿತು, ಎರಡೆರಡು ವರ್ಷದ ಗುತ್ತಿಗೆ ಕೆಲಸಗಳಾದವು, ವೀಸಾ ಮುಗಿಯುವ ತಾರೀಖು ನೋಡಿಕೊಂಡು ನಿದ್ದೆಗೆಟ್ಟಿದ್ದೂ ಆಯಿತು. ಈಗ ಪಾಠ ಮಾಡುತ್ತೇನೆ. "ಹಂಗಾದ್ರೆ ನೀನು ಡಾಕ್ಟ್ರಿಗೇ ಬುದ್ಧಿ ಹೇಳ್ತೀಯೇನು?" ಅಂತ ಚಿಕ್ಕಪ್ಪ ಕೇಳಿದ್ದರು. ಅಷ್ಟು ದೊಡ್ಡದೇನಲ್ಲ. ಮಗು ಹುಟ್ಟುವ ಮೊದಲೇ ಅದರ ಬಗ್ಗೆ ಏನೇನು ತಿಳಿದುಕೊಳ್ಳಬಹುದು, ಯಾವ ಭ್ರೂಣವನ್ನು ಗರ್ಭಕ್ಕೆ ಸೇರಿಸಬಹುದು, ಇದನ್ನೆಲ್ಲ ಯಾರು ತೀರ್ಮಾನ ಮಾಡಬೇಕು? ಈ ಬಗ್ಗೆ ಓದುವುದು, ಬರೆಯುವುದು, ಸಭೆಗಳಲ್ಲಿ ಕೂರುವುದು ನನ್ನ ಕೆಲಸ. ಕೂರುವುದೇ ಜಾಸ್ತಿ.

ಈ ದೇಶದಲ್ಲಿ ಇಂಥದ್ದಕ್ಕೆ ಒಂದು ಕ್ರಮ ಇದೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿ ಬ್ರೌನ್ ಹುಟ್ಟಿದ್ದು 1978ರಲ್ಲಿ, ಇಲ್ಲಿಂದ ದೂರವೇನಿಲ್ಲದ ಓಲ್ಡ್‌ಹ್ಯಾಮ್‌ನಲ್ಲಿ. ಮುಂದೇನು ಅಂತ ಯೋಚಿಸಲು ಸರ್ಕಾರ 1982ರಲ್ಲಿ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷತೆ ಕೊಟ್ಟಿದ್ದು ಡಾಕ್ಟರಿಗಲ್ಲ, ವಿಜ್ಞಾನಿಗಲ್ಲ, ಮೇರಿ ವಾರ್ನಾಕ್ ಎಂಬ ತತ್ವಶಾಸ್ತ್ರದ ಟೀಚರಿಗೆ. ಲ್ಯಾಬಿನಲ್ಲಿ ಭ್ರೂಣವನ್ನು 14 ದಿನಕ್ಕಿಂತ ಹೆಚ್ಚು ಬೆಳೆಸಬಾರದು ಎಂದು 1984ರಲ್ಲಿ ಆ ಸಮಿತಿ ಹೇಳಿತು. 1990ರಲ್ಲಿ ಅದು ಕಾಯ್ದೆಯಾಯಿತು, ಇವತ್ತಿಗೂ ಜಾರಿಯಲ್ಲಿದೆ. ತಾಯಿಯ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಕಾಯಿಲೆ ಮಗುವಿಗೆ ದಾಟದಿರಲಿ ಅಂತ ಇನ್ನೊಬ್ಬ ಹೆಂಗಸಿನ ಅಂಡ ಬಳಸುವ ವಿಧಾನಕ್ಕೂ ಹೀಗೇ ವರ್ಷಗಟ್ಟಲೆ ಚರ್ಚೆ ನಡೆಯಿತು. 2015ರಲ್ಲಿ ಪಾರ್ಲಿಮೆಂಟ್ ಒಪ್ಪಿತು. ಹಾಗೆ ಹುಟ್ಟಿದ ಎಂಟು ಮಕ್ಕಳ ವಿವರವನ್ನು ನ್ಯೂಕಾಸಲ್‌ನ ತಂಡ ಪ್ರಕಟಿಸಿದ್ದು 2025ರಲ್ಲಿ. ಹತ್ತು ವರ್ಷ! ಈ ನಿಧಾನಕ್ಕೆ ಮೊದಮೊದಲು ತಲೆ ಕೆಡುತ್ತಿತ್ತು. ಈಗ ಅದೇ ಇಷ್ಟ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇಂಥ ದೊಡ್ಡ ವಿಷಯಗಳಲ್ಲ. ಬ್ರಾಡ್‌ಫರ್ಡ್.

ಲೀಡ್ಸ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ, ಅಷ್ಟೇ. ಪಾಕಿಸ್ತಾನದ ಮೂಲದವರು ತುಂಬಾ ಇರುವ ಊರು. ಅವರಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಮಾವಂದಿರ ಮಕ್ಕಳ ನಡುವೆ ಮದುವೆ ಮಾಮೂಲು. ಅಲ್ಲಿ 'ಬಾರ್ನ್ ಇನ್ ಬ್ರಾಡ್‌ಫರ್ಡ್' ಎಂಬ ಅಧ್ಯಯನ 2007ರಿಂದ ನಡೆಯುತ್ತಿದೆ. ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಂದಿನಿಂದ ಗಮನಿಸುತ್ತಾ ಬಂದಿದ್ದಾರೆ. 2013ರಲ್ಲಿ ಅವರು ಒಂದು ಲೆಕ್ಕ ಕೊಟ್ಟರು. ಹುಟ್ಟಿನಿಂದಲೇ ಬರುವ ದೋಷಗಳು ಸಾಮಾನ್ಯವಾಗಿ ನೂರರಲ್ಲಿ ಮೂರು ಮಕ್ಕಳಿಗೆ ಇದ್ದರೆ, ಸಂಬಂಧದಲ್ಲಿ ಮದುವೆಯಾದವರಲ್ಲಿ ಆರು ಮಕ್ಕಳಿಗೆ.

ಈ ಲೆಕ್ಕ ಹಿಡಿದುಕೊಂಡು ಒಂದು ಶನಿವಾರ ಅಲ್ಲಿನ ಹೆಂಗಸರ ಸಭೆಗೆ ಹೋಗಿದ್ದೆ. ಸಮೋಸ, ಟೀ, ಪ್ಲಾಸ್ಟಿಕ್ ಕುರ್ಚಿ, ನಮ್ಮೂರ ಸ್ತ್ರೀಶಕ್ತಿ ಸಂಘದ ಹಾಗೇ. ನನ್ನ ಹರಕು ಹಿಂದಿ, ಅವರ ಪಂಜಾಬಿ ಬೆರೆತ ಉರ್ದು. ಚಿತ್ರ ತೋರಿಸಿ ಮಾತು ಮುಗಿಸಿದ ಮೇಲೆ ಅರವತ್ತು ದಾಟಿದ ಒಬ್ಬರು ಕೈ ಎತ್ತಿದರು. "ಬೇಟಿ, ಆರು ಮಕ್ಕಳ ಕಥೆ ಆಯ್ತು. ಉಳಿದ ತೊಂಬತ್ತನಾಲ್ಕು ಚೆನ್ನಾಗೇ ಇರ್ತವೆ ಅಲ್ವಾ?" ಹೌದು ಅಂದೆ. "ಅದನ್ನ ಯಾಕೆ ಬರೆದಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. "ನೀವು ಹಿಂದೂಗಳು ಚಾಚಾನ ಮಗಳನ್ನ ಮಾಡಿಕೊಳ್ಳಲ್ಲ, ಅಲ್ವಾ?" ಅಂದರು. ಇಲ್ಲ, ಚಿಕ್ಕಪ್ಪನ ಮಕ್ಕಳು ನಮಗೆ ಅಣ್ಣತಂಗಿ, ಆ ಮಾತೇ ಎತ್ತುವ ಹಾಗಿಲ್ಲ ಅಂದೆ. ಅವರು ಗೆದ್ದವರ ಹಾಗೆ ಅಕ್ಕಪಕ್ಕ ನೋಡಿದರು. ನನಗೆ ಅದೇನಾಯಿತೋ, ಬಾಯಿಂದ ಬಂದುಬಿಟ್ಟಿತು. "ಆದರೆ ಸೋದರಮಾವನನ್ನ ಮಾಡಿಕೊಳ್ತೀವಿ. ನಮ್ಮಮ್ಮ ಮಾಡಿಕೊಂಡಿದ್ದು ಅವರ ಮಾಮೂನನ್ನೇ."

"ತೌಬಾ!" ಆ ಅಜ್ಜಿ ಎರಡೂ ಕೆನ್ನೆ ಮುಟ್ಟಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವರ ಧರ್ಮದಲ್ಲಿ ಸೋದರಮಾವ ಅಂದರೆ ತಂದೆಯ ಸಮಾನ, ಮದುವೆ ಹರಾಮ್. ಇಡೀ ಕೋಣೆ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿತು. ಯೂನಿವರ್ಸಿಟಿಯಲ್ಲಿ ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅಲ್ಲಿ, ಸಮೋಸದ ತಟ್ಟೆ ಹಿಡಿದುಕೊಂಡು ಹೇಳಿಬಿಟ್ಟಿದ್ದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ವರಸೆ ನಮ್ಮದು, ಜೀನ್‌ಗೆ ಅದು ಗೊತ್ತಿಲ್ಲ. ಚಿಕ್ಕಪ್ಪನ ಮಗಳಾಗಲಿ, ಸೋದರಮಾವನ ಮಗಳಾಗಲಿ, ಇಬ್ಬರ ನಡುವೆ ಒಂದೇ ಆಗಿರುವ ಜೀನ್‌ಗಳು ಸರಾಸರಿ ಎಂಟರಲ್ಲಿ ಒಂದು ಪಾಲು. ನಾವು ಒಬ್ಬಳನ್ನು ತಂಗಿ ಅಂತೀವಿ, ಇನ್ನೊಬ್ಬಳಿಗೆ ತಾಳಿ ಕಟ್ಟುತ್ತೀವಿ. ಸೋದರಮಾವ, ಸೊಸೆ ನಡುವೆ ನಾಲ್ಕರಲ್ಲಿ ಒಂದು ಪಾಲು. ಅಂದರೆ ಬ್ರಾಡ್‌ಫರ್ಡ್‌ನವರಿಗಿಂತ ನಮ್ಮಪ್ಪ ಅಮ್ಮನದೇ ಹತ್ತಿರದ್ದು. ಬ್ರಿಟನ್ನಿನಲ್ಲಾದರೆ ಆ ಮದುವೆ ಕಾನೂನಿನ ಪ್ರಕಾರ ನಡೆಯುವಂತೆಯೇ ಇಲ್ಲ. ನಮ್ಮಲ್ಲೂ 1955ರ ಹಿಂದೂ ವಿವಾಹ ಕಾಯ್ದೆ ನಿಷೇಧಿಸಿದೆ, ಆದರೆ ಪದ್ಧತಿ ಇದ್ದವರಿಗೆ ವಿನಾಯಿತಿ. ಆ ಒಂದು ವಿನಾಯಿತಿಯಲ್ಲಿ ನಾನು ಹುಟ್ಟಿದ್ದೇನೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ ಸುಮಾರು ಮೂರನೇ ಒಂದು ಭಾಗ ಮದುವೆಗಳು ಸಂಬಂಧದೊಳಗಿನವೇ ಆಗಿದ್ದವು. ಇಲ್ಲಿ ಪತ್ರಿಕೆಗಳು ನಮ್ಮ ಬಗ್ಗೆ ಬರೆಯುವುದಿಲ್ಲ. ನಾವು ಇಲ್ಲಿ ಕಮ್ಮಿ ಜನ ಇದ್ದೇವೆ, ಅದಕ್ಕೆ.

ಬರೆಯುವವರಿಗೆ ತಮ್ಮ ಡಾರ್ವಿನ್ ಕೂಡ ನೆನಪಾಗುವುದು ಕಮ್ಮಿ. ಆತ 1839ರಲ್ಲಿ ಮದುವೆಯಾದ ಎಮ್ಮಾ ಯಾರು? ತಾಯಿಯ ತಮ್ಮನ ಮಗಳು. ನಮ್ಮ ಲೆಕ್ಕದಲ್ಲಿ ಪಕ್ಕಾ ವರಸೆ! ಹತ್ತು ಮಕ್ಕಳಾದವು, ಮೂರು ಚಿಕ್ಕ ವಯಸ್ಸಿನಲ್ಲೇ ಹೋದವು. ಇದು ಸಂಬಂಧದ ಮದುವೆಯಿಂದಲೇ ಇರಬಹುದಾ ಅಂತ ಆತನಿಗೆ ಕೊರಗು. 1871ರ ಜನಗಣತಿಯಲ್ಲಿ ಇದರ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಪ್ರಯತ್ನಪಟ್ಟ. ಪಾರ್ಲಿಮೆಂಟ್ ಒಪ್ಪಲಿಲ್ಲ.

2024ರ ಡಿಸೆಂಬರ್‌ನಲ್ಲಿ ರಿಚರ್ಡ್ ಹೋಲ್ಡನ್ ಎಂಬ ಸಂಸದರು ಇಂಥ ಮದುವೆಗಳನ್ನೇ ನಿಷೇಧಿಸಬೇಕು ಅಂತ ಮಸೂದೆ ತಂದಾಗ ಕ್ಲಾಸಿನಲ್ಲಿ ಜೋರು ಚರ್ಚೆ ಆಯಿತು. ನನ್ನ ಅಭಿಪ್ರಾಯ ಕೇಳಿದರು. ನಿಷೇಧ ಬೇಡ ಅಂದೆ. ಬ್ರಾಡ್‌ಫರ್ಡ್‌ನಲ್ಲೇ ಈ ಮದುವೆಗಳು ಕಮ್ಮಿಯಾಗುತ್ತಿವೆ, ಹುಡುಗಿಯರು ಓದುತ್ತಿದ್ದಾರೆ, ಅವರೇ ಬೇಡ ಅನ್ನುತ್ತಿದ್ದಾರೆ. ವಯಸ್ಸಾದ ಮೇಲೆ ಮಗು ಹೆತ್ತರೂ ಅಪಾಯ ಏರುತ್ತದೆ, ಅದಕ್ಕೆ ಯಾರೂ ಮಸೂದೆ ತರುವುದಿಲ್ಲ. ಚೆನ್ನಾಗೇ ಮಾತಾಡಿದೆ ಅಂದುಕೊಂಡೆ.

ಅದಾಗಿ ಎರಡು ತಿಂಗಳಿಗೆ ಅಮ್ಮನ ಫೋನ್. ದೊಡ್ಡಮ್ಮನ ಮೊಮ್ಮಗಳನ್ನು ದೊಡ್ಡಮ್ಮನ ಕಿರಿಮಗನಿಗೇ ತಂದುಕೊಳ್ಳುವ ಮಾತು ನಡೆದಿದೆಯಂತೆ. "ನೀನು ಅದನ್ನೇ ಓದಿರೋದಲ್ವಾ. ಮಾಡಬಹುದೋ ಬೇಡವೋ, ಒಂದೇ ಮಾತಲ್ಲಿ ಹೇಳು."

ಒಂದೇ ಮಾತಲ್ಲಿ ಹೇಳುವುದನ್ನೇ ನಾವು ಮಾಡಬಾರದು ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಹುಡುಗಿ ಏನಂತಾಳೆ ಅಂತ ಕೇಳಿದೆ. "ಅವಳೇನಂತಾಳೆ, ಇನ್ನೂ ಬಿಕಾಂ ಮುಗಿದಿಲ್ಲ." ಅಜ್ಜಿ ಇದ್ದಾಗ ಹೇಳುತ್ತಿದ್ದದ್ದು ನೆನಪಾಯಿತು. ಗೊತ್ತಿಲ್ಲದ ಮನೆಗೆ ಮಗಳನ್ನು ಕೊಟ್ಟು, ಬಾವಿ ಕಡೆ ನೋಡಿಕೊಂಡು ಕೂರಲು ಅವಳಿಗೆ ಆಗುತ್ತಿರಲಿಲ್ಲವಂತೆ. ತಮ್ಮನಿಗೆ ಕೊಟ್ಟು ನೆಮ್ಮದಿಯಾಗಿ ಮಲಗಿದಳು. ಅದೂ ಸುಳ್ಳಲ್ಲ.

ಬೇಡ ಅನ್ನಲಿಲ್ಲ. ಇಬ್ಬರಿಗೂ ರಕ್ತ ಪರೀಕ್ಷೆ ಮಾಡಿಸಿ ಅಂದೆ. ಆದರೆ ಯಾವ ಜೀನ್ ಹುಡುಕಬೇಕು ಅಂತ ಗೊತ್ತಿರಬೇಕಲ್ಲ. ಅಕ್ಕನಿಗೆ ಕಿವಿ ಕೇಳಿಸದಿರುವುದು ಯಾವ ಜೀನ್‌ನಿಂದ ಅಂತ ತಿಳಿಯಲು ಮೊದಲು ಅವಳ ಪರೀಕ್ಷೆ ಆಗಬೇಕು. ಮೂವತ್ತೆಂಟು ವರ್ಷ ಯಾರೂ ಅದನ್ನು ಮಾಡಿಸಿರಲಿಲ್ಲ. ನಾನೂ.

ವಿಡಿಯೋ ಕಾಲ್ ಮಾಡಿದೆ. ಅಕ್ಕ ಅಂಗಡಿಯಲ್ಲಿದ್ದಳು, ಕುತ್ತಿಗೆಯಲ್ಲಿ ಟೇಪು, ಮುಂದೆ ಅರ್ಧ ಹೊಲಿದ ಬ್ಲೌಸು. ನಾನು ಕೈಸನ್ನೆಯಲ್ಲಿ ಎಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ನೋಡಿದಳು. ಆಮೇಲೆ ಕತ್ತರಿ ಕೆಳಗಿಟ್ಟು ಎರಡೇ ಸನ್ನೆ ಮಾಡಿದಳು. ತನ್ನ ಎದೆ ಮುಟ್ಟಿ ತೋರಿಸಿದಳು, ಆಮೇಲೆ ಹೆದರಿಕೆಯ ಸನ್ನೆ. ಹುಬ್ಬು ಮೇಲೇರಿತ್ತು, ಅದು ಪ್ರಶ್ನೆ. ನನ್ನಂಥ ಮಗು ಹುಟ್ಟುತ್ತೆ ಅಂತ ಹೆದರಿಕೆನಾ?

ಒಪ್ಪಿಗೆ ಪತ್ರಗಳಲ್ಲಿ ಯಾವ ಪದ ಇರಬೇಕು, ಯಾವುದು ಇರಬಾರದು ಅಂತ ವಾರಗಟ್ಟಲೆ ತಿದ್ದುವವಳು ನಾನು. ಆ ಹೊತ್ತಿಗೆ ನನ್ನ ಕೈ ಮೇಲೇಳಲಿಲ್ಲ.

ಅಕ್ಕ ಇನ್ನೂ ರಕ್ತ ಕೊಟ್ಟಿಲ್ಲ. ಕೊಡಲ್ಲ ಅಂತಲೂ ಹೇಳಿಲ್ಲ. ನಾನು ಮತ್ತೆ ಕೇಳಿಲ್ಲ. ಅಮ್ಮ ಮಾತ್ರ ಭಾನುವಾರ ಭಾನುವಾರ ಫೋನ್ ಮಾಡಿ, "ಏನಂದ್ಲು?" ಅಂತಾಳೆ. ಪಕ್ಕದ ರೂಮಿನಲ್ಲೇ ಇರುವ ಮಗಳ ಬಗ್ಗೆ ಲೀಡ್ಸ್‌ನಲ್ಲಿರುವ ನನ್ನನ್ನು ಕೇಳುತ್ತಾಳೆ.